ಎಳೆದರೂ ಚಂದ್ರನಾಗದ ಗಂಡಸು
ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನ ಶ್ರವಣ ತಜ್ಞೆಯ ಉತ್ತರ

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದವ. ಮಗ, ಸೊಸೆ ನೆದರ್ಲೆಂಡ್ಸಿನ ಐಂಡ್‌ಹೋವನ್ ಪೇಟೆಯಲ್ಲಿದ್ದಾರೆ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ನಾಲ್ಕು ವರ್ಷದ ಮೊಮ್ಮಗಳು ನನಗೆ ಡಚ್ ಭಾಷೆ ಕಲಿಸಲು ಕೂತಳು. ಅವರಲ್ಲಿ 'ಮನ್' ಅಂದರೆ ಗಂಡಸು, 'ಮಾನ್' ಅಂದರೆ ಚಂದ್ರ. ಹ್ರಸ್ವ ದೀರ್ಘ ತಾನೆ, ಜೀವಮಾನವಿಡೀ ಮಕ್ಕಳಿಗೆ ಅದನ್ನೇ ಕಲಿಸಿದವನಿಗೆ ಇದೇನು ಮಹಾ ಅಂದುಕೊಂಡೆ. ಅವಳು ಹೇಳಿದ ಹಾಗೇ ಬಾಯಿ ಮಾಡಿ 'ಮನ್' ಎಂದೆ. ಒಪ್ಪಿದಳು. ಅದನ್ನೇ ಎಳೆದು 'ಮಾನ್' ಎಂದೆ. "ಅಜ್ಜಾ, ನೀನು ಪುನಃ ಗಂಡಸನ್ನೇ ಹೇಳ್ತಾ ಇದ್ದಿ" ಎಂದು ಬಿದ್ದು ಬಿದ್ದು ನಕ್ಕಳು. ಎಷ್ಟು ಎಳೆದರೂ ಅದೇ ಮಾತು. ನನ್ನ ಕಿವಿ ಮಂದವಾಯಿತೇ? ಇನ್ನೊಂದು ವಿಷಯ. ಮನೆಯಲ್ಲಿ ಕನ್ನಡ ಮಾತಾಡಿದರೆ ಮಗುವಿನ ಡಚ್ ಕೆಡುತ್ತದೆ ಎಂದು ಯಾರೋ ಸೊಸೆಯ ತಲೆಗೆ ತುಂಬಿದ್ದಾರೆ. ಅದು ನಿಜವೇ?
— ನಿವೃತ್ತ ಅಧ್ಯಾಪಕ, ನೀರ್ಚಾಲು

ಉತ್ತರ: ಮಾಸ್ಟ್ರೇ, ಮೊಮ್ಮಗಳು ಹೇಳಿದ್ದು ಸರಿ. ನಿಮ್ಮ ಕಿವಿಗೂ ಏನೂ ಆಗಿಲ್ಲ. ನೀವು ಒಂದು ಮಾತ್ರೆಯನ್ನು ಎರಡು ಮಾತ್ರೆ ಮಾಡಿದಿರಿ, ಅವಳು ಕಾಯುತ್ತಿದ್ದದ್ದು ಬೇರೆಯೇ ಒಂದು ಬದಲಾವಣೆಗೆ.

ಡಚ್ಚರ 'ಮನ್' ಮತ್ತು 'ಮಾನ್' ನಡುವೆ ಎರಡು ವ್ಯತ್ಯಾಸಗಳಿವೆ. ಒಂದು ನಿಮಗೆ ಕೇಳಿಸಿದ್ದು: 'ಮಾನ್'ನ ಸ್ವರ ಹತ್ತಿರ ಹತ್ತಿರ ಎರಡು ಪಟ್ಟು ಉದ್ದ. ಇನ್ನೊಂದು ಸ್ವರದ ಬಣ್ಣ. ಗಿಡ್ಡ 'ಅ' ಹೇಳುವಾಗ ಅವರ ನಾಲಿಗೆ ಬಾಯಿಯ ಹಿಂಭಾಗಕ್ಕೆ ಸರಿಯುತ್ತದೆ, ಸ್ವರಕ್ಕೆ ಸ್ವಲ್ಪ ಗಂಟಲಿನ ಕಡೆಯ ಗಾಢತೆ ಬರುತ್ತದೆ. ಉದ್ದದ 'ಆ' ಹೇಳುವಾಗ ನಾಲಿಗೆ ಮುಂದೆ ಬಂದು ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತದೆ. ನೀವು ಮೊಮ್ಮಗಳ 'ಮನ್' ಅನ್ನು ಚೆನ್ನಾಗಿಯೇ ಅನುಕರಿಸಿದ್ದೀರಿ, ಅದಕ್ಕೇ ಅವಳು ಒಪ್ಪಿದ್ದು. ಆಮೇಲೆ ನಾಲಿಗೆಯನ್ನು ಅಲ್ಲೇ ಇಟ್ಟುಕೊಂಡು ಕಾಲವನ್ನು ಮಾತ್ರ ಎಳೆದಿರಿ. ಅವಳಿಗೆ ಕೇಳಿಸಿದ್ದು ತುಂಬಾ ನಿಧಾನವಾಗಿ ಹೇಳಿದ ಗಂಡಸು. ತಮಾಷೆಯೆಂದರೆ, ಆ ಪಾಠವೆಲ್ಲ ಮರೆತು ನಮ್ಮ ಊರಿನ 'ಮಾನ'ದ 'ಮಾ' ಹೇಳಿದ್ದರೆ ಚಂದ್ರನಿಗೆ ಇನ್ನೂ ಹತ್ತಿರ ಹೋಗುತ್ತಿದ್ದಿರಿ.

ಬಣ್ಣ ಅಂದರೇನು ಎಂದು ಕೇಳಿಯೇ ಕೇಳುತ್ತೀರಿ. ಪತ್ರಿಕೆ ಕೆಳಗಿಟ್ಟು ಒಂದು ಕೆಲಸ ಮಾಡಿ. ಗಂಟಲಿನಿಂದ ಧ್ವನಿ ಹೊರಡಿಸದೆ, ಬರೀ ಉಸಿರಿನಲ್ಲಿ, ಪಿಸುಮಾತಿನಲ್ಲಿ 'ಈ' ಅನ್ನಿ, 'ಆ' ಅನ್ನಿ, 'ಊ' ಅನ್ನಿ. ಶ್ರುತಿ ಮೇಲಿಂದ ಕೆಳಕ್ಕೆ ಇಳಿದ ಹಾಗೆ ಕೇಳುವುದಿಲ್ಲವೇ? ಧ್ವನಿತಂತುಗಳು ಸುಮ್ಮನಿವೆ, ಆದರೂ ಒಂದೊಂದು ಸ್ವರಕ್ಕೆ ಒಂದೊಂದು ಶ್ರುತಿ. ಇದನ್ನು ಗಮನಿಸಿ 1857ರಲ್ಲಿ ಬರೆದವರು ಡಚ್ಚರೇ ಆದ ಫ್ರಾನ್ಸಿಸ್ಕಸ್ ದೊಂಡರ್ಸ್, ಉಟ್ರೆಕ್ಟ್ ಪೇಟೆಯ ವೈದ್ಯ. ಕಣ್ಣಿನ ಚಿಕಿತ್ಸೆಯಲ್ಲಿ ಅವರ ಹೆಸರು ದೊಡ್ಡದು. ಕಣ್ಣಿನ ಡಾಕ್ಟರು ಸ್ವರಗಳ ಹಿಂದೆ ಬಿದ್ದದ್ದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಮುಂದೆ 1868ರಲ್ಲಿ ಮನಸ್ಸಿನ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಳೆಯಲು ಹೊರಟಾಗಲೂ ಅವರು ಬಳಸಿದ್ದರಲ್ಲಿ 'ಕಿ'ಯಂಥ ಉಚ್ಚಾರಗಳಿದ್ದವು. ಒಬ್ಬ ಹೇಳುವುದು, ಇನ್ನೊಬ್ಬ ಕೇಳಿದ ಕೂಡಲೇ ಅದನ್ನೇ ಹೇಳುವುದು. ಯಾವ ಉಚ್ಚಾರ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಬೇಗ ಉತ್ತರ ಬರುತ್ತದೆ, ಗೊತ್ತಿಲ್ಲದಿದ್ದರೆ ಚೂರು ತಡ. ಆ ಚೂರು ತಡವೇ ಮಿದುಳು 'ಇದು ಯಾವ ಸ್ವರ' ಎಂದು ತೀರ್ಮಾನಿಸಿ ಬಾಯಿಯನ್ನು ಸಿದ್ಧ ಮಾಡುವ ಹೊತ್ತು.

ಈಗಿನವರು ಆ ಶ್ರುತಿಗಳನ್ನು ಫಾರ್ಮೆಂಟ್ ಎನ್ನುತ್ತಾರೆ. ಗಂಟಲಿನಿಂದ ಹೊರಟ ಧ್ವನಿಯಲ್ಲಿ ನೂರೆಂಟು ಕಂಪನಗಳಿರುತ್ತವೆ. ಬಾಯಿಯ ಆಕಾರ ಕೆಲವನ್ನು ಎತ್ತಿ ಹಿಡಿಯುತ್ತದೆ, ಕೆಲವನ್ನು ತಗ್ಗಿಸುತ್ತದೆ. ಎತ್ತಿ ಹಿಡಿದವುಗಳಲ್ಲಿ ಕೆಳಗಿನ ಎರಡು ಗೊತ್ತಾದರೆ ಸ್ವರ ಯಾವುದೆಂದು ಬಹುಮಟ್ಟಿಗೆ ಹೇಳಬಹುದು. 1973ರಲ್ಲಿ ಲೂಯಿಸ್ ಪೋಲ್ಸ್ ಮತ್ತು ಸಂಗಡಿಗರು 50 ಮಂದಿ ಡಚ್ ಗಂಡಸರ ಸ್ವರಗಳನ್ನು ಅಳೆದು ಪ್ರಕಟಿಸಿದರು. ಅದರಲ್ಲಿ ಗಿಡ್ಡ 'ಅ'ಕ್ಕೆ ಸರಾಸರಿ ಸುಮಾರು 680 ಮತ್ತು 1050 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ), ಉದ್ದದ 'ಆ'ಕ್ಕೆ ಸುಮಾರು 800 ಮತ್ತು 1300. ನೀವು ಕಾಲವನ್ನು ಎಳೆಯುತ್ತಾ ಹೋದರೆ ಈ ಅಂಕಿಗಳು ಒಂದಿಷ್ಟೂ ಕದಲುವುದಿಲ್ಲ.

ಒಳಕಿವಿಯ ಕಾಕ್ಲಿಯದಲ್ಲಿ ಹೆಚ್ಚಿನ ಕಂಪನಗಳಿಗೆ ಬಾಗಿಲ ಹತ್ತಿರದ ಜಾಗ, ಕಡಿಮೆಯವಕ್ಕೆ ಸುರುಳಿಯ ಒಳತುದಿ. ಆ ಸಾಲು ತಪ್ಪದ ಹಾಗೆ ಸುದ್ದಿ ನರಗಳ ಮೂಲಕ ಮಿದುಳಿನಲ್ಲೇ ಪಕ್ಕದ ಭಾಗದಲ್ಲಿರುವ, ಹೆಶ್ಲ್ ಎಂಬವರ ಹೆಸರಿನ ಮಡಿಕೆಗೆ ಹೋಗುತ್ತದೆ. ಅಲ್ಲಿಯವರೆಗೆ ನಿಮಗೂ ಮೊಮ್ಮಗಳಿಗೂ ದೊಡ್ಡ ವ್ಯತ್ಯಾಸವಿಲ್ಲ. ಉದ್ದವೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ವ್ಯತ್ಯಾಸ ಇರುವುದು ಅದರಾಚೆ, ಬಂದ ಸುದ್ದಿಯಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎನ್ನುವಲ್ಲಿ.

ಆಮ್ಸ್ಟರ್‌ಡಾಮ್‌ನಲ್ಲಿ ಪಾವೊಲಾ ಎಸ್ಕುದೆರೊ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಈ ಎರಡು ಸ್ವರಗಳನ್ನು ತಯಾರಿಸಿ, ಬಣ್ಣವನ್ನು ಒಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, ಉದ್ದವನ್ನು ಇನ್ನೊಂದು ಕಡೆಯಿಂದ ಬದಲಿಸುತ್ತಾ, ಯಾವುದು ಯಾವ ಸ್ವರ ಎಂದು ಕೇಳಿದರು. ಡಚ್ಚರು ಹೆಚ್ಚಾಗಿ ಬಣ್ಣವನ್ನು ಹಿಡಿದು ಹೇಳಿದರು, ಜರ್ಮನರೂ ಹಾಗೆಯೇ. ಡಚ್ ಕಲಿಯುತ್ತಿದ್ದ ಸ್ಪೇನ್ ಭಾಷೆಯವರು ಮಾತ್ರ ಉದ್ದಕ್ಕೆ ಜೋತು ಬಿದ್ದರು. ಸ್ಪೇನ್ ಭಾಷೆಯಲ್ಲಿ ಹ್ರಸ್ವ ದೀರ್ಘ ಎಂಬ ಭೇದವೇ ಇಲ್ಲ ಎನ್ನುವುದನ್ನು ನೆನಪಿಡಿ. ಬದಿಯಡ್ಕದ ಅಂಗಡಿಯಲ್ಲಿ ಹೊಸಬನನ್ನು ಅಡಿಕೆ ಆರಿಸಲು ಕೂರಿಸಿದರೆ ಅವನು ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಹಾಕುತ್ತಾನೆ. ಪಟೋರವನ್ನೂ ಒಳ್ಳೆಯ ಚಾಲಿಯನ್ನೂ ಬೇರೆ ಮಾಡುವ ಗುರುತು ಅವನ ಕಣ್ಣಿಗೆ ಬೀಳುತ್ತಿಲ್ಲ ಎಂದಲ್ಲ, ಅದು ಗುರುತು ಎಂದು ಅವನಿಗೆ ಯಾರೂ ಹೇಳಿಲ್ಲ. ಸ್ಪೇನಿನವರದು ಅದೇ ಅವಸ್ಥೆ. ಕನ್ನಡದವರಾದ ನಾವು ಇನ್ನೂ ಒಂದು ಹೆಜ್ಜೆ ಮುಂದೆ. 'ಕಡು'ವೂ 'ಕಾಡು'ವೂ ಬೇರೆ, 'ಬಲೆ'ಯೂ 'ಬಾಲೆ'ಯೂ ಬೇರೆ ಎಂದು ಬೆತ್ತ ಹಿಡಿದು ಕಲಿತವರು. ಉದ್ದ ಕಂಡರೆ ಸಾಕು, ನಮ್ಮ ಮಿದುಳು ತೀರ್ಪು ಕೊಟ್ಟು ಎದ್ದು ಬಿಡುತ್ತದೆ. ನಿಜವಾಗಿ ನೋಡಿದರೆ ನಮ್ಮ 'ಅ'ಕ್ಕೂ 'ಆ'ಕ್ಕೂ ಬಣ್ಣದಲ್ಲಿ ವ್ಯತ್ಯಾಸ ಉಂಟು, ನಮ್ಮ 'ಅ'ದಲ್ಲಿ ಬಾಯಿ ಅರ್ಧ ಮಾತ್ರ ತೆರೆಯುವುದು. ಆದರೆ ಯಾವ ಕಾಗುಣಿತದ ಪಾಠದಲ್ಲಿ ಅದನ್ನು ಹೇಳುತ್ತೇವೆ?

ಹಾಗೆಂದು ಡಚ್ಚರಿಗೆ ಉದ್ದ ಬೇಡವೇ ಬೇಡ ಎಂದು ತಿಳಿಯಬೇಡಿ. 2007ರಲ್ಲಿ ಕ್ರಿಸ್ಟಿಯಾನೆ ಡೀಟ್ರಿಶ್, ಡೇನಿಯಲ್ ಸ್ವಿಂಗ್ಲಿ, ಜ್ಯಾನೆಟ್ ವರ್ಕರ್ ಎಂಬವರು 18 ತಿಂಗಳ ಮಕ್ಕಳಿಗೆ ಅವರು ಕಂಡಿರದ ಆಟಿಕೆಗಳಿಗೆ ಕಟ್ಟಿ ಮಾಡಿದ ಹೆಸರುಗಳನ್ನು ಕಲಿಸಿದರು. ಒಂದಕ್ಕೆ 'ತಮ್' ಎಂಬಂಥ ಹೆಸರು, ಇನ್ನೊಂದಕ್ಕೆ ಅದನ್ನೇ ಎಳೆದದ್ದು. ಡಚ್ ಮನೆಯ ಮಕ್ಕಳು ಅವೆರಡನ್ನೂ ಬೇರೆ ಬೇರೆ ಹೆಸರಾಗಿ ತೆಗೆದುಕೊಂಡರು. ಅದೇ ಪ್ರಾಯದ ಇಂಗ್ಲಿಷ್ ಮನೆಯ ಮಕ್ಕಳು ಎರಡನ್ನೂ ಒಂದೇ ಹೆಸರೆಂದರು. ಇಂಗ್ಲಿಷ್ ಮಕ್ಕಳಿಗೆ ಎಳೆದದ್ದು ಕೇಳಿಸಲಿಲ್ಲ ಎಂದಲ್ಲ. ಎಳೆದರೆ ಹೆಸರು ಬದಲಾಗುವುದಿಲ್ಲ ಎಂದು ಅಷ್ಟರಲ್ಲೇ ಅವರ ಮಿದುಳು ನಿರ್ಧರಿಸಿಯಾಗಿತ್ತು. ಒಂದೂವರೆ ವರ್ಷದ ಕೂಸು, ಸರಿಯಾಗಿ ಮಾತು ಬಾರದ್ದು! ನಿಮ್ಮ ಮೊಮ್ಮಗಳಿಗೆ ನಾಲ್ಕು ವರ್ಷ. ಅವಳು ನಿಮ್ಮನ್ನು ನೋಡಿ ನಗುವ ಅರ್ಹತೆ ಪಡೆದು ಕಾಲ ಎಷ್ಟೋ ಆಯಿತು.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಮುಂದಿನ ಸಲ ವಿಡಿಯೊ ಕರೆಯಲ್ಲಿ ಉದ್ದವನ್ನು ಮರೆತುಬಿಡಿ. ಎರಡನ್ನೂ ಗಿಡ್ಡವಾಗಿಯೇ ಹೇಳಿ, ನಾಲಿಗೆಯನ್ನು ಮಾತ್ರ ಹಿಂದೆ ಮುಂದೆ ಮಾಡಿ. ಅವಳು ಯಾವುದು ಗಂಡಸು, ಯಾವುದು ಚಂದ್ರ ಎಂದು ಹೇಳಲಿ. ಅವಳ ತೀರ್ಪು ಸರಿಯಾಗತೊಡಗಿದ ಮೇಲೆ ಉದ್ದ ಸೇರಿಸಿದರೆ ಸಾಕು. ಆದರೆ ಅವಳ ಧ್ವನಿಯ ಎತ್ತರಕ್ಕೆ ಏರಲು ಹೋಗಬೇಡಿ. ಸಣ್ಣ ಮಗುವಿನ ಬಾಯಿ ಸಣ್ಣದು, ಫಾರ್ಮೆಂಟುಗಳು ಎತ್ತರದವು. ಕೇಳುವ ಮಿದುಳು ಮಾತಾಡುವವರ ಬಾಯಿಗೆ ತಕ್ಕ ಹಾಗೆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಅಜ್ಜ ಅಜ್ಜನ ಧ್ವನಿಯಲ್ಲೇ ಹೇಳಿದರಾಯಿತು.

ಇನ್ನು ಸೊಸೆಯ ತಲೆಗೆ ತುಂಬಿದ ಮಾತು. ಅದು ಶುದ್ಧ ಸುಳ್ಳು, ಹೀಗೇ ಹೇಳಿದೆನೆಂದು ಅವರಿಗೆ ಓದಿ ಹೇಳಿ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಕೇಳುವ ಮಗು ಎರಡಕ್ಕೂ ಬೇರೆ ಬೇರೆ ತೂಕದ ಲೆಕ್ಕ ಇಟ್ಟುಕೊಳ್ಳಬಲ್ಲದು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬೆಳೆದ ಮಕ್ಕಳನ್ನು ನೀವೇ ತರಗತಿಯಲ್ಲಿ ಕೂರಿಸಿಕೊಂಡವರು. ಅವರಲ್ಲಿ ಯಾರ ಕನ್ನಡ ತುಳುವಿನಿಂದ ಹಾಳಾಯಿತು? ಮನೆಯ ಕನ್ನಡ ನಿಲ್ಲಿಸಿದರೆ ಆ ಮಗುವಿಗೆ ನಷ್ಟವಾಗುವುದು ಅಜ್ಜ ಒಬ್ಬರೇ ಅಲ್ಲ, ಅಪ್ಪ ಅಮ್ಮ ಸಲೀಸಾಗಿ ಆಡುವ ಮಾತೆಲ್ಲವೂ.

ಪ್ರಶ್ನೆ: ನಾನು ಕುಂಬಳೆಯವಳು, ಮಂಗಳೂರಿನಲ್ಲಿ ನರ್ಸ್. ನೆದರ್ಲೆಂಡ್ಸಿಗೆ ಹೋಗುವ ಉದ್ದೇಶದಿಂದ ಆನ್‌ಲೈನ್‌ನಲ್ಲಿ ಡಚ್ ಕಲಿಯುತ್ತಿದ್ದೇನೆ. ವ್ಯಾಕರಣ ಪರವಾಗಿಲ್ಲ. ಆದರೆ ಅವರು ಇಂಗ್ಲಿಷಿನ ಎರಡು ಯು ಹಾಕಿ ಬರೆಯುವ ಸ್ವರ ನನಗೆ ಒಮ್ಮೆ 'ಈ' ಎಂದು ಕೇಳುತ್ತದೆ, ಒಮ್ಮೆ 'ಊ' ಎಂದು. ಇ ಮತ್ತು ಯು ಸೇರಿಸಿ ಬರೆಯುವುದಂತೂ ಯಾವುದೆಂದೇ ಗೊತ್ತಾಗುವುದಿಲ್ಲ. 'ನನ್ನ ಸರದಿಯೇ?' ಎಂದು ರೋಗಿ ಕೇಳುವುದಕ್ಕೂ 'ನೆರೆಕರೆ' ಎಂಬ ಶಬ್ದಕ್ಕೂ ಇರುವ ವ್ಯತ್ಯಾಸ ಈ ಎರಡು ಸ್ವರಗಳಲ್ಲಿ ಮಾತ್ರ. ಇಪ್ಪತ್ತಾರು ವರ್ಷಕ್ಕೆ ಕಿವಿ ಮುಚ್ಚಿಹೋಯಿತು ಎಂದು ನಮ್ಮ ಸಹಪಾಠಿಯೊಬ್ಬಳು ಹೇಳುತ್ತಾಳೆ.
— ಓದುಗಳು, ಕುಂಬಳೆ

ಉತ್ತರ: ಕಿವಿ ಮುಚ್ಚಿಲ್ಲ, ಸಹಪಾಠಿಯ ಮಾತು ಕೇಳಬೇಡಿ. ನಿಮಗೆ ಆ ಸ್ವರ ಒಮ್ಮೆ 'ಈ', ಒಮ್ಮೆ 'ಊ' ಆಗುವುದಕ್ಕೆ ಸರಿಯಾದ ಕಾರಣವೇ ಇದೆ. ಅದರಲ್ಲಿ ಎರಡೂ ಇವೆ.

'ಈ' ಹೇಳುವಾಗ ನಾಲಿಗೆ ಮುಂದೆ ಎತ್ತರದಲ್ಲಿ, ತುಟಿ ಅಗಲ. 'ಊ' ಹೇಳುವಾಗ ನಾಲಿಗೆ ಹಿಂದೆ, ತುಟಿ ದುಂಡಗೆ. ಕನ್ನಡ, ತುಳು, ಮಲಯಾಳಗಳಲ್ಲಿ ಮುಂದಿನ ನಾಲಿಗೆಗೆ ದುಂಡು ತುಟಿ ಜೊತೆಯಾಗುವುದೇ ಇಲ್ಲ. ಡಚ್ಚರ ಎರಡು ಯುವಿನ ಸ್ವರದಲ್ಲಿ ಅದೇ ಆಗುವುದು. 'ಈ' ಎಂದು ಶುರು ಮಾಡಿ, ಧ್ವನಿ ನಿಲ್ಲಿಸಬೇಡಿ, ನಾಲಿಗೆ ಕದಲಿಸಬೇಡಿ, ತುಟಿಯನ್ನು ಮಾತ್ರ ಸೀಟಿ ಹೊಡೆಯುವ ಹಾಗೆ ಮುಂದೆ ತನ್ನಿ. ಬಂದದ್ದೇ ಅದು. ಪೋಲ್ಸ್ ಅವರ ಅಳತೆಯಲ್ಲಿ ಎರಡನೆಯ ಫಾರ್ಮೆಂಟು 'ಈ'ಗೆ ಸುಮಾರು 2200 ಹರ್ಟ್ಸ್, 'ಊ'ಗೆ ಸುಮಾರು 800, ಈ ಸ್ವರಕ್ಕೆ ಸುಮಾರು 1700. ನಡುವಿನಲ್ಲಿ ಕೂತ ಸ್ವರವನ್ನು ನಿಮ್ಮ ಮಿದುಳು ಇದ್ದ ಎರಡು ಡಬ್ಬಿಗಳಲ್ಲಿ ಯಾವುದಕ್ಕಾದರೂ ಹಾಕಲೇಬೇಕಲ್ಲ. ಇ-ಯು ಸ್ವರಕ್ಕೆ ನಾಲಿಗೆ 'ಏ'ಯದ್ದು, ತುಟಿ 'ಓ'ದ್ದು. 'ಸರದಿ'ಗೆ ಇದು, 'ನೆರೆಕರೆ'ಗೆ ಮೊದಲಿನದು. ಕನ್ನಡಿಯ ಮುಂದೆ ನಿಂತು ಮಾಡಿ, ಬಾಗಿಲು ಹಾಕಿಕೊಂಡರೆ ಒಳ್ಳೆಯದು, ಮನೆಯವರು ಗಾಬರಿಯಾದಾರು.

ನಿಮ್ಮ ಮನೆಮಾತು ತುಳುವೇ ಎಂದು ನೀವು ಬರೆದಿಲ್ಲ. ಹೌದಾದರೆ ಇದರ ತಲೆಕೆಳಗಾದ ರೂಪ ನಿಮ್ಮ ಬಾಯಲ್ಲಿ ದಿನವೂ ಇದೆ. 'ಇಲ್ಲ್', 'ಪೇರ್' ಎನ್ನುವಾಗ ಕೊನೆಗೆ ಬರುವ ಆ ಅರ್ಧ ಉಕಾರ ನೋಡಿ: ನಾಲಿಗೆ ಹಿಂದೆ, ತುಟಿ ಅಗಲ. ಘಟ್ಟದ ಮೇಲಿನವರು ಅದನ್ನು 'ಉ' ಎಂದೋ, ಏನೂ ಇಲ್ಲವೆಂದೋ ಕೇಳಿಸಿಕೊಂಡು ಬರೆದುಬಿಡುತ್ತಾರೆ. ಡಚ್ಚರ ಎದುರು ನೀವು ಈಗ ಘಟ್ಟದ ಮೇಲಿನವರು, ಅಷ್ಟೇ.

ನನ್ನ ಕ್ಲಿನಿಕ್ಕಿನಲ್ಲಿ ಇದರದ್ದೇ ಒಂದು ನಾಟಕ ಆಗಾಗ ನಡೆಯುತ್ತದೆ. ಚೀಟಿ ಬರೆಯುವ ಹುಡುಗಿ ಉಪ್ಪಳದವಳು, ಮನೆಮಾತು ತುಳು. ಶ್ರವಣ ಪರೀಕ್ಷೆ ಮಾಡುವ ಹುಡುಗ ತ್ರಿಶ್ಶೂರಿನವನು. ಇಲ್ಲಿಗೆ ಬಂದು ತುಳು ಕಲಿತಿದ್ದಾನೆ, ಮಾತು ಪಟಪಟನೆ ಬರುತ್ತದೆ. ಹೊರಗಿನಿಂದ ಅವಳು "ಬತ್ತೆ" ಎಂದು ಕೂಗುತ್ತಾಳೆ. ತುಳುವಿನಲ್ಲಿ 'ಬಂದೆ' ಎನ್ನುವುದೂ 'ಬಂದ' ಎನ್ನುವುದೂ ಬರೆದರೆ 'ಬತ್ತೆ'ಯೇ. 'ನಾನು ಬಂದೆ' ಎನ್ನುವಾಗ ಕೊನೆಯ ಎಕಾರಕ್ಕೆ ದವಡೆ ಸ್ವಲ್ಪ ಕೆಳಗಿಳಿಯುತ್ತದೆ, 'ಅವನು ಬಂದ' ಎನ್ನುವಾಗ ಇಳಿಯುವುದಿಲ್ಲ. ಅವಳಿಗೆ ಇದು ಹಗಲು ರಾತ್ರಿಯಷ್ಟು ಬೇರೆ. ಇವನು ಯಂತ್ರದ ಕೋಣೆಯಿಂದ ತಲೆ ಹೊರಹಾಕಿ "ಆರ್? ನೀಯೋ, ಅವನೋ?" ಎಂದು ಮಲಯಾಳದಲ್ಲಿ ಕೇಳುತ್ತಾನೆ. ಅವಳು ಇನ್ನೂ ಜೋರಾಗಿ "ಬತ್ತೇ!" ಎನ್ನುತ್ತಾಳೆ. ಜೋರು ಮಾಡಿದರೆ ದವಡೆಯ ವ್ಯತ್ಯಾಸ ತಿಳಿಯುತ್ತದೆಯೇ? ಕೊನೆಗೆ ರೋಗಿಯೇ ಒಳಗೆ ಬಂದು ನಿಂತು ವ್ಯಾಜ್ಯ ತೀರಿಸುತ್ತಾರೆ. ದಿನವಿಡೀ ಬೇರೆಯವರ ಕಿವಿ ಅಳೆಯುವ ಹುಡುಗ ಅವನು, ಅವನ ಕಿವಿಯಲ್ಲಿ ಒಂದು ಡೆಸಿಬೆಲ್ ಕೊರತೆ ಇಲ್ಲ.

ಮಿದುಳಿನಲ್ಲಿ ಇದು ಕಾಣುತ್ತದೆಯೇ ಎಂದರೆ ಕಾಣುತ್ತದೆ. ಫಿನ್ಲೆಂಡಿನ ರಿಸ್ತೊ ನ್ಯಾಟನೆನ್ ಮತ್ತು ಸಂಗಡಿಗರು 1997ರಲ್ಲಿ ಮಾಡಿದ ಪ್ರಯೋಗ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಬಾಯಿಪಾಠ. ತಲೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯ ತಂತಿಗಳನ್ನು ಹಚ್ಚಿ ಕಿವಿಯಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳಿಸುವುದು, ನಡುನಡುವೆ ಒಮ್ಮೊಮ್ಮೆ ಬೇರೆ ಸ್ವರ ತೂರಿಸುವುದು. ಕೇಳುವವರು ಗಮನ ಕೊಡಬೇಕೆಂದೂ ಇಲ್ಲ. ಸ್ವರ ಬದಲಾಯಿತೆಂದು ಮಿದುಳು ಕಂಡುಕೊಂಡರೆ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಅಲೆಯಲ್ಲಿ ಒಂದು ತಗ್ಗು ಕಾಣುತ್ತದೆ. ಹೆಸರು ಮಿಸ್‌ಮ್ಯಾಚ್ ನೆಗೆಟಿವಿಟಿ. ಎಸ್ಟೋನಿಯಾದ ಭಾಷೆಯಲ್ಲಿ ಇದ್ದು ಫಿನ್ನಿಷ್‌ನಲ್ಲಿ ಇಲ್ಲದ ಒಂದು ಸ್ವರ ಕೇಳಿಸಿದಾಗ ಎಸ್ಟೋನಿಯಾದವರಲ್ಲಿ ತಗ್ಗು ದೊಡ್ಡದಾಗಿ ಬಂತು, ಫಿನ್ಲೆಂಡಿನವರಲ್ಲಿ ಸಣ್ಣದು. ಗಮನಿಸಿ, ಸಣ್ಣದು ಬಂತು, ಬಾರದೇ ಹೋಗಲಿಲ್ಲ. ನಿಮ್ಮ ಆಸೆ ಇರುವುದು ಆ ಸಣ್ಣ ತಗ್ಗಿನಲ್ಲಿ.

ಅದನ್ನು ಬೆಳೆಸುವುದು ಹೇಗೆ? ಒಬ್ಬ ಶಿಕ್ಷಕಿಯ ಧ್ವನಿಯನ್ನೇ ಮತ್ತೆ ಮತ್ತೆ ಕೇಳಿದರೆ ಆ ಶಿಕ್ಷಕಿಯ ಸ್ವರ ಮಾತ್ರ ಗೊತ್ತಾಗುತ್ತದೆ. ಜಪಾನಿನವರಿಗೆ ಇಂಗ್ಲಿಷಿನ 'ರ' ಮತ್ತು 'ಲ' ಕಲಿಸಲು ಅಮೆರಿಕದಲ್ಲಿ ಡೇವಿಡ್ ಪಿಸೋನಿ ಮತ್ತು ಜೊತೆಗಾರರು 1991ರ ಹೊತ್ತಿಗೆ ಬೇರೆ ಬೇರೆ ಜನರ ಧ್ವನಿ, ಬೇರೆ ಬೇರೆ ಶಬ್ದಗಳನ್ನು ಕೇಳಿಸಿ, ಪ್ರತಿ ಉತ್ತರಕ್ಕೂ ಆಗಲೇ ಸರಿ ತಪ್ಪು ಹೇಳುವ ಕ್ರಮ ತಂದರು. ದೊಡ್ಡವರೂ ಅದರಿಂದ ಸುಧಾರಿಸಿದರು. ನೀವೂ ಹಾಗೇ ಮಾಡಿ. ಡಚ್ಚರಲ್ಲಿ 'ದುಬಾರಿ' ಮತ್ತು 'ಬಾಗಿಲು' ಎಂಬ ಶಬ್ದಗಳಿಗೂ ಇದೇ ಎರಡು ಸ್ವರಗಳ ವ್ಯತ್ಯಾಸ; 'ಬೆಂಕಿ'ಗೂ 'ಮೇವಿ'ಗೂ ಎರಡು ಯುವಿನದ್ದಕ್ಕೂ 'ಊ'ಗೂ ಇರುವ ವ್ಯತ್ಯಾಸ. ಇಂಥ ಜೋಡಿಗಳನ್ನು ಗಂಡಸು, ಹೆಂಗಸು, ಮುದುಕ, ಮಗು ಹೇಳಿದ್ದನ್ನು ಫೋನಿನಲ್ಲಿ ತುಂಬಿಸಿಕೊಂಡು, ಬೆರೆಸಿ, ನೋಡದೆ ಕೇಳಿ, ಊಹಿಸಿ, ಕೂಡಲೇ ತಾಳೆ ನೋಡಿ. ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ಹೊತ್ತು ಇದಕ್ಕೆ ಧಾರಾಳ. ಇಯರ್‌ಫೋನ್ ಹಾಕಿದ್ದೇನೆಂದು ಧ್ವನಿ ಮಾತ್ರ ಜಾಸ್ತಿ ಇಡಬೇಡಿ, ಇದು ನನ್ನ ಕಸುಬಿನವಳಾಗಿ ಹೇಳುವ ಮಾತು.

ಹೊಟ್ಟೆನೋವಿನ 'ಹೊಟ್ಟೆ' ಎಂಬ ಡಚ್ ಶಬ್ದದಲ್ಲಿ ಬರುವ ಜೋಡಿಸ್ವರ ಇದೆಲ್ಲಕ್ಕಿಂತ ಕಷ್ಟದ್ದು. ಅದನ್ನು 'ಊ' ಮಾಡಿ ಹೇಳಿದರೆ 'ಪುಸ್ತಕ' ಆಗುತ್ತದೆ. ರೋಗಿಗೆ ಪುಸ್ತಕನೋವು ಉಂಟೇ ಎಂದು ಕೇಳಿದರೂ ಅವರು ಸಂದರ್ಭದಿಂದ ಅರ್ಥ ಮಾಡಿಕೊಳ್ಳುತ್ತಾರೆ, ಅದಕ್ಕಾಗಿ ನಿದ್ದೆಗೆಡಬೇಡಿ.

ಪ್ರಶ್ನೆ: ಒಬ್ಬ ಯಾವ ಸ್ವರ ಕೇಳುತ್ತಿದ್ದಾನೆಂದು ಮಿದುಳಿನ ಸ್ಕ್ಯಾನ್ ನೋಡಿ ಹೇಳಬಹುದಂತೆ. ಹೌದೇ? ಹಾಗಾದರೆ ಮನಸ್ಸಿನಲ್ಲಿರುವುದನ್ನೂ ಓದಬಹುದಲ್ಲ?
— ಬಿ.ಎಸ್ಸಿ. ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಮೊದಲನೆಯದು ಒಂದು ಮಿತಿಯಲ್ಲಿ ಹೌದು, ಎರಡನೆಯದು ಅಲ್ಲ.

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಪೇಟೆಯಲ್ಲಿ ಎಲಿಯಾ ಫೋರ್ಮಿಸಾನೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕೆಲಸ ಇದು. ಏಳು ಮಂದಿಯನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ 'ಆ', 'ಈ', 'ಊ' ಮೂರು ಸ್ವರಗಳನ್ನು ಮೂರು ಬೇರೆ ಬೇರೆ ಡಚ್ ಧ್ವನಿಗಳಲ್ಲಿ ಕೇಳಿಸಿದರು. ರಕ್ತದ ಹರಿವು ಎಲ್ಲಿ ಹೆಚ್ಚುತ್ತದೆ ಎನ್ನುವುದರ ಚಿತ್ರ ಆ ಯಂತ್ರ ಕೊಡುತ್ತದೆ. 'ಆ'ಗೆ ಒಂದು ಚುಕ್ಕೆ, 'ಈ'ಗೆ ಒಂದು ಚುಕ್ಕೆ ಎಂದು ಬೆಳಗುವುದಿಲ್ಲ. ಕಿವಿಗೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ ಎಲ್ಲ ಸ್ವರಗಳಿಗೂ ಹೆಚ್ಚು ಕಡಿಮೆ ಒಂದೇ ಜಾಗ ಎಚ್ಚೆತ್ತುಕೊಳ್ಳುತ್ತದೆ, ಒಳಗಿನ ವಿನ್ಯಾಸ ಮಾತ್ರ ಸೂಕ್ಷ್ಮವಾಗಿ ಬೇರೆ. ಕಣ್ಣಿಗೆ ಕಾಣದ ಆ ವಿನ್ಯಾಸವನ್ನು ಕಂಪ್ಯೂಟರಿಗೆ ಕಲಿಸಿದರು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಮುಂದಿನ ಭಾಗ. ಒಬ್ಬರ ಧ್ವನಿಯಲ್ಲಿ 'ಆ'ದ ವಿನ್ಯಾಸ ಕಲಿತ ಕಂಪ್ಯೂಟರು ಬೇರೊಬ್ಬರು ಹೇಳಿದ 'ಆ'ವನ್ನೂ ಮಿದುಳಿನ ಚಿತ್ರದಿಂದಲೇ ಗುರುತಿಸಿತು. ತಿರುಗಿಸಿ ಹಾಕಿದರೆ, ಸ್ವರ ಯಾವುದಿದ್ದರೂ ಮಾತಾಡಿದವರು ಯಾರು ಎಂದೂ ಹೇಳಿತು. ಅಂದರೆ ಒಂದೇ ಚೂರು ಶಬ್ದದಿಂದ ಮಿದುಳು ಎರಡು ಲೆಕ್ಕ ತೆಗೆಯುತ್ತಿದೆ: ಏನು ಹೇಳಿದರು, ಯಾರು ಹೇಳಿದರು. ಒಂದನೆಯದಕ್ಕೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬದಿಗೆ ಸರಿಸುತ್ತದೆ, ಎರಡನೆಯದಕ್ಕೆ ಆ ಬದಿಗೆ ಸರಿಸಿದ್ದೇ ಬೇಕು. ಮೇಳದ ಆಟದಲ್ಲಿ ಚೌಕಿಯ ಕಡೆಯಿಂದ ಒಂದು 'ಓ' ಕೇಳಿದರೆ ಯಾವ ವೇಷಧಾರಿಯೆಂದು ನಮ್ಮ ಊರಿನ ಹಳೆಯ ಪ್ರೇಕ್ಷಕರು ಹೇಳಿಬಿಡುತ್ತಾರಲ್ಲ, ಅವರಲ್ಲಿ ನಡೆಯುವುದು ಇದೇ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಡ್ವರ್ಡ್ ಚಾಂಗ್ ಅವರ ತಂಡ ಇನ್ನೂ ಹತ್ತಿರ ಹೋಯಿತು. ಅಪಸ್ಮಾರದ ಶಸ್ತ್ರಚಿಕಿತ್ಸೆಗಾಗಿ ಮಿದುಳಿನ ಮೇಲೆಯೇ ತಂತಿಗಳನ್ನಿಟ್ಟಿದ್ದ ರೋಗಿಗಳು ಒಪ್ಪಿ ಮಾತು ಕೇಳಿಸಿಕೊಂಡರು. 2014ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಮಿದುಳಿನ ಪಕ್ಕದ ಭಾಗದ ಮೇಲಿನ ಮಡಿಕೆಯಲ್ಲಿ ಕೆಲವು ಜಾಗಗಳು ಒಂದು ಬಗೆಯ ವ್ಯಂಜನಗಳಿಗೆ, ಕೆಲವು ಸ್ವರಗಳಿಗೆ ಸ್ಪಂದಿಸುತ್ತವೆ. ಸ್ವರಗಳ ಜಾಗಗಳು ಫಾರ್ಮೆಂಟುಗಳನ್ನು ಒಂಟೊಂಟಿಯಾಗಿ ಅಲ್ಲ, ಒಂದಕ್ಕೊಂದು ಕೂಡಿಸಿ ನೋಡುತ್ತವೆ.

ಮನಸ್ಸು ಓದುವ ಮಾತಿಗೆ ಬಂದರೆ, ಮಾಸ್ಟ್ರಿಕ್ಟ್‌ನ ಯಂತ್ರಕ್ಕೆ ಎದುರಿಗಿದ್ದದ್ದು ಮೂರೇ ಸ್ವರ, ಅದೂ ಹೊರಗಿನಿಂದ ಕೇಳಿಸಿದ್ದು, ಅದೂ ಅದೇ ವ್ಯಕ್ತಿಯ ಮಿದುಳಿನಿಂದ ಮೊದಲೇ ಕಲಿತದ್ದು. ಅಲುಗಾಡದೆ ಮಲಗಿ ಸಹಕರಿಸಬೇಕು. ಪರೀಕ್ಷೆಯ ಹಾಲಿನಲ್ಲಿ ನಿಮ್ಮ ಮನಸ್ಸಿನಲ್ಲಿರುವುದು ಸದ್ಯಕ್ಕೆ ಸುರಕ್ಷಿತ.

ಪ್ರಶ್ನೆ: ಅರುವತ್ತೆಂಟು ವರ್ಷ. ಮಾತಾಡಿದ್ದು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಹೆಂಡತಿ 'ಕಿವಿ ಇದೆ, ಗಮನ ಇಲ್ಲ' ಎನ್ನುತ್ತಾಳೆ. ನನಗೂ ಸ್ವರದ್ದೇ ತೊಂದರೆಯೇ?
— ಕೃಷಿಕ, ಪೆರ್ಲ

ಉತ್ತರ: ಅಲ್ಲ, ನಿಮ್ಮದು ಬಹುಶಃ ಅದರ ವಿರುದ್ಧದ ಕಥೆ. ಸ್ವರಗಳಲ್ಲಿ ಬಲ ಹೆಚ್ಚು, ಅದರ ಬಹುಪಾಲು 3000 ಹರ್ಟ್ಸಿನ ಕೆಳಗೇ ಇರುತ್ತದೆ. ಪ್ರಾಯವಾದಂತೆ ಮೊದಲು ಹೋಗುವುದು ಅದಕ್ಕಿಂತ ಮೇಲಿನ ಕಂಪನಗಳು, ಅಂದರೆ 'ಸ', 'ಶ', 'ಫ'ಗಳ ಜಾಗ. ಹಾಗಾಗಿ ಮಾತಿನ ಸದ್ದು ಬರುತ್ತದೆ, ಶಬ್ದದ ಅಂಚುಗಳು ಸವೆದು ಬರುತ್ತವೆ. ಹೆಂಡತಿ ಅಡುಗೆಮನೆಯಿಂದ ನೀರು ಬಿಟ್ಟುಕೊಂಡು ಮಾತಾಡಿದರೆ ಉಳಿದದ್ದೂ ಹೋಗುತ್ತದೆ. ಇದು ಗಮನದ ದೋಷ ಅಲ್ಲವೆಂದು ನನ್ನ ಹೆಸರು ಹೇಳಿ ತಿಳಿಸಬಹುದು. ಆದರೆ ಊಹೆಯ ಮೇಲೆ ಯಂತ್ರ ಕೊಳ್ಳಬೇಡಿ, ಪೇಟೆಯಲ್ಲಿ ಬರೀ ಸದ್ದು ಜೋರು ಮಾಡುವ ಡಬ್ಬಿಗಳೂ ಸಿಗುತ್ತವೆ. ಅವು ಚೆನ್ನಾಗಿ ಕೇಳುವ ಸ್ವರವನ್ನೇ ಇನ್ನಷ್ಟು ಕಿರುಚಿಸುತ್ತವೆ. ಮೊದಲು ಕಿವಿಯ ವೈದ್ಯರಿಗೆ ತೋರಿಸಿ, ಗುಗ್ಗೆ ಕಟ್ಟಿದ್ದರೆ ತೆಗೆಸಿ, ಆಮೇಲೆ ಆಡಿಯೊಗ್ರಾಮ್, ಅಂದರೆ ಯಾವ ಕಂಪನ ಎಷ್ಟು ಕೇಳುತ್ತದೆಂದು ಗೆರೆಯಲ್ಲಿ ತೋರಿಸುವ ಪರೀಕ್ಷೆ, ಮಾಡಿಸಿ. ಆ ದಿನ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಗೆರೆ ಬಲಗಡೆಗೆ ಹೇಗೆ ಇಳಿಯುತ್ತದೆಂದು ಅವರೇ ಕಣ್ಣಾರೆ ನೋಡಲಿ.